ಕೈ ಎತ್ತದ ಸಾಕ್ಷಿ

ಮಾರ್ಚ್ 9, ಸೋಮವಾರ

ನನ್ನ ಮುದ್ದು ತಮ್ಮನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾಯಿತೆಂದು ಬೇಜಾರಾಗಬೇಡ, ನೀನೂ ಸ್ವಲ್ಪ ಕಾಯಬೇಕು ಅಂತ ಬೇಕೆಂದೇ ತಡಮಾಡಿದೆ. ನನ್ನ ಎದೆ ಪೂರ್ತಿ ವಾಸಿಯಾಗಿದೆ, ಊಟ ಸೇರುತ್ತಿದೆ.

"ತುಂಬಿದ ಸಭೆಯಲ್ಲಿ ಮಾನ ಕಳೆದೆಯಲ್ಲ, ಒಡಹುಟ್ಟಿದವಳು ಮಾಡೋ ಕೆಲಸಾನಾ ಇದು?" ಎಂದು ಕೇಳಿದ್ದೀಯ. ಹೌದಪ್ಪ, ಒಡಹುಟ್ಟಿದವಳೇ ಮಾಡಬೇಕಾದ ಕೆಲಸ.

ಕ್ಷಯಕ್ಕೆ ಇಂಜೆಕ್ಷನ್ ಶುರುವಾದಾಗ ಡಾಕ್ಟರಮ್ಮ ಹೇಳಿದ್ದರು: "ಇದು ಕಿವಿಗೆ ಹೊಡೆತ ಕೊಡಬಹುದು. ತಪ್ಪದೆ ಕಿವಿ ಪರೀಕ್ಷೆ ಮಾಡಿಸ್ಕೊಳ್ಳಿ, ವ್ಯತ್ಯಾಸ ಕಂಡರೆ ಔಷಧಿ ಬದಲಿಸೋಣ." ನೀನು ನಿನ್ನಂಗಡಿಯ ದ್ರಾಕ್ಷಿ ಬೀಜದ ಪುಡಿ ಹಿಡಿದು ಬಂದೆ. "ಆ್ಯಂಟಿಆಕ್ಸಿಡೆಂಟ್ ಕಣಕ್ಕಾ, ಕಿವಿ ಕಾಯುತ್ತೆ. ಪರೀಕ್ಷೆ ಗಿರೀಕ್ಷೆ ಯಾಕೆ? ನನ್ನ ಮೇಲೆ ನಂಬಿಕೆ ಇಲ್ವಾ?" ಅಂದೆ. ನಂಬಿದೆ. ಪರೀಕ್ಷೆ ಬಿಟ್ಟೆ.

ಪಿಯಾನೊ ಶ್ರುತಿ ಮಾಡಿ ಬದುಕುವವಳು ನಾನು. ಒಂದು ದಿನ ಸಂಗೀತ ಶಾಲೆಯ ಪಿಯಾನೊದಲ್ಲಿ ಬಲತುದಿಯ, ಕೀರಲು ಸ್ವರದ ಕೀಗಳು ಬರೀ ಟಕ್ ಟಕ್ ಅಂದವು. ತಂತಿ ಹಾಳಾಗಿದೆ ಅಂದುಕೊಂಡು ಎಲ್ಲ ಕಿತ್ತು ಹೊಸದು ಹಾಕಿದೆ. ಮತ್ತೆ ಟಕ್ ಟಕ್. ಮೇಷ್ಟ್ರು ಮೆಲ್ಲಗೆ, "ಅಮ್ಮಾ, ಮೊದಲೇ ಚೆನ್ನಾಗಿತ್ತಲ್ಲ" ಅಂದರು. ಹಾಳಾಗಿದ್ದು ನನ್ನ ಕಿವಿ. ಅಲ್ಲಿಗೆ ಕಸುಬು ಮುಗಿಯಿತು.

ಡಾಕ್ಟರಮ್ಮ ತಲೆ ಚಚ್ಚಿಕೊಂಡರು. "ಅಂಥ ಪುಡಿಗಳನ್ನ ಇಲಿಗಳ ಮೇಲೆ ನೋಡಿದ್ದಾರಮ್ಮ, ಮನುಷ್ಯರಲ್ಲಿ ಇನ್ನೂ ಖಾತ್ರಿಯಿಲ್ಲ. ಮೊದಲೇ ಬರಬಾರದಿತ್ತಾ?" ನೀನೋ, "ಮಾತು ಕೇಳಿಸುತ್ತಲ್ಲಕ್ಕಾ, ಅದೇ ಪುಡಿ ಮಹಿಮೆ" ಅಂತ ನನ್ನ ಫೋಟೊ ಡಬ್ಬಿಗೆ ಅಂಟಿಸಿದೆ. ಸಾಲದೆಂದು, ಗ್ರಾಹಕರ ಸಭೆಯಲ್ಲಿ ಸಾಕ್ಷಿ ಹೇಳಲು ಕರೆದೆ.

ಬಂದೆನಲ್ಲ! ನಾನೇ ತಂದ, ಅದೇ ಕೀರಲು ಸ್ವರದ ಪುಟ್ಟ ಗಂಟೆ ನಿನ್ನ ಕೈಗಿತ್ತು, ಬೆನ್ನು ತಿರುಗಿಸಿ ನಿಂತು, "ಬಾರಿಸು ತಮ್ಮಾ, ಕೇಳಿಸಿದಾಗ ಕೈ ಎತ್ತುತ್ತೀನಿ" ಅಂದೆ. ಬಾರಿಸಿದೆಯಂತೆ, ಬಾರಿಸುತ್ತಲೇ ಇದ್ದೆಯಂತೆ. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಎದ್ದು ಹೋಗುವವರೆಗೂ ನಾನು ಕೈ ಎತ್ತಲಿಲ್ಲ. ಆಮೇಲೆ ತಿರುಗಿ ನಿನ್ನ ಮುಖ ನೋಡಿದೆ. ಹೊಟ್ಟೆ ತಣ್ಣಗಾಯಿತು ಕಣೋ.

ನೂರು ವರ್ಷ ಬಾಳು. ಜನ ನಿನ್ನ ಬಗ್ಗೆ ಆಡುವುದೆಲ್ಲ ಕೊನೆಯವರೆಗೂ ಸ್ಪಷ್ಟವಾಗಿ ಕೇಳಿಸುತ್ತಿರಲಿ.

ಇಂತಿ,
ನಿನ್ನ ಅಕ್ಕ

ಮರೆತಿದ್ದೆ: ಸಭೆಯ ಹಿಂದಿನ ದಿನ ನಿನ್ನ ಹೆಂಡತಿ ಬಂದು ಅತ್ತಳು. ನಾನು ನಿನ್ನ ಪುಡಿ ನೆಕ್ಕುತ್ತಿದ್ದ ತಿಂಗಳುಗಳಲ್ಲೇ ನಿನ್ನ ಮಗಳಿಗೂ ಅದೇ ಇಂಜೆಕ್ಷನ್ ನಡೆದಿತ್ತಂತೆ, ನೀನದನ್ನು ನನ್ನಿಂದ ಮುಚ್ಚಿಟ್ಟೆ. ವಾರವಾರವೂ ನೀನೇ ಪರೀಕ್ಷೆಗೆ ಕರೆದೊಯ್ದೆಯಂತೆ. ಔಷಧಿ ಬದಲಿಸಿದರಂತೆ, ಕಿವಿ ಉಳಿಯಿತಂತೆ. ಕಂದ ಚೆನ್ನಾಗಿರಲಿ. ಅವಳಿಗೂ ಪುಡಿ ಕೊಡಲಾ ಎಂದು ಹೆಂಡತಿ ಕೇಳಿದ್ದಕ್ಕೆ ನೀನು ಅಂದೆಯಂತೆ: "ಮಗು ಕಿವಿ ಜೊತೆ ಆಟ ಬೇಡ."