ಹಳದಿ ಪರದೆಗೆ ಬಿದ್ದ ತೆರಿಗೆ

ಮನೆಗಳಿಗೆ ಬೆಲೆ ಕಟ್ಟುವ ಮಾನ್ಯ ಅಧಿಕಾರಿಗಳೇ,

ನಮ್ಮ ಮನೆಯಲ್ಲಿ ಇಲ್ಲದ ಒಂದು ಕೋಣೆಗೆ ತಾವು ತೆರಿಗೆ ಹಾಕಿದ್ದೀರಿ. ಆ ಕೋಣೆ ಹುಟ್ಟಿದ್ದು ನನ್ನ ಬಾಯಿಯಿಂದ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನಗೆ ಮದುವೆಯಾಗಿ ಹನ್ನೊಂದು ವಾರ. ತಮ್ಮ ಸಿಬ್ಬಂದಿ ಅಳತೆಯ ಟೇಪು ಹಿಡಿದು ಬಂದಾಗ ಅತ್ತೆ, ಮಾವ, ನನ್ನವರು ಹೊರಗೆ ಹೋಗಿ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಹೊಸ ಮನೆ, ಹೊಸ ಗಂಡ, ನಾನೇ ಬರಮಾಡಿಕೊಂಡ ಮೊದಲ ಅತಿಥಿ! ಹಿಗ್ಗಿ ಹೀರೇಕಾಯಿಯಾಗಿ ಮೂಲೆಮೂಲೆ ತೋರಿಸಿದೆ. ಪಡಸಾಲೆಯ ಕೊನೆಯಲ್ಲಿ, ಬೀರುವಿನ ಪಕ್ಕ, ಹಳದಿ ಪರದೆಯೊಂದು ಇಳಿಬಿದ್ದಿದೆ. ನಾನೂ ನನ್ನವರೂ ಮೂರು ಅಂಗಡಿ ಸುತ್ತಿ ಆರಿಸಿ ತಂದದ್ದು. "ಇದೇನಮ್ಮಾ?" ಎಂದರು. "ನಮ್ ರೂಮು ಸರ್! ನಾನೇ ಡೆಕೊರೇಟ್ ಮಾಡಿದ್ದು. ಚೆನ್ನಾಗಿದೆ ಅಲ್ವಾ?" "ತುಂಬಾ ಚೆನ್ನಾಗಿದೆ" ಎನ್ನುತ್ತಲೇ ಬರೆದುಕೊಂಡರು. ಹೊಗಳಿದರೆಂದು ಉಬ್ಬಿ, ತೋರಿಸಿದ ಕಡೆ ರುಜು ಹಾಕಿದೆ.

ಈಗ ನೋಟಿಸು ಬಂದಿದೆ. ಮೂರು ಕೋಣೆ ನಾಲ್ಕಾಗಿವೆ, ಮನೆ 'ಉತ್ತಮ' ದರ್ಜೆಗೆ ಏರಿದೆ, ತೆರಿಗೆ ಎರಡು ಪಟ್ಟಾಗಿದೆ. ಮೇಲ್ಛಾವಣಿಯ ಬಿರುಕು ಮಾತ್ರ ತಮ್ಮ ಟೇಪಿಗೆ ಸಿಕ್ಕಿಲ್ಲ. ಬೀದಿಯ ತುದಿಯಲ್ಲಿ ಲಿಫ್ಟಿರುವ ಕಟ್ಟಡ ಎದ್ದದ್ದರಿಂದ ಇಡೀ ಬೀದಿಯ ಬೆಲೆಯೇ ಏರಿತಂತೆ. ಪಕ್ಕದ ಮನೆಯವರು ಉಂಡರೆ ನಮ್ಮ ಹೊಟ್ಟೆ ತುಂಬುತ್ತದೆಯೇ? ಮನೆ ಮಾರುವವರಿಗೆ ಬೆಲೆ ಏರಿದರೆ ಹಬ್ಬ, ಅದರಲ್ಲೇ ಬಾಳಬೇಕಾದವರಿಗೆ?

ನಾನೂ ನನ್ನವರೂ ತಮ್ಮ ಕಚೇರಿಗೆ ಬಂದೆವು. ಕೌಂಟರಿನವರು ತಲೆಯೆತ್ತದೆ, "ಗೋಡೆ ಇಲ್ಲ ಅಂತ ದಾಖಲೆ ತನ್ನಿ" ಎಂದರು.

"ಇಲ್ಲದೇ ಇರೋದಕ್ಕೆ ಎಲ್ಲಿಂದ ದಾಖಲೆ ತರೋದು ಸರ್?" ಎಂದರು ನನ್ನವರು.

"ಇದೆ ಅಂತ ನಿಮ್ಮ ಮನೆಯವರೇ ರುಜು ಹಾಕಿದ್ದಾರಲ್ರೀ."

ಪಾಪ, ನನ್ನವರು ನನ್ನ ಕಡೆ ತಿರುಗಲೇ ಇಲ್ಲ. ತಿರುಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಮಾನ್ಯರೇ, ದಾಖಲೆ ಈಗ ಸಿಕ್ಕಿದೆ. ನಮ್ಮ ಮಾವ ಪುಸ್ತಕಗಳಿಗೆ ರಟ್ಟು ಕಟ್ಟುವವರು; ಆ ಪಡಸಾಲೆಯೇ ಅವರ ಕಾರ್ಖಾನೆ. ನಿನ್ನೆ ಬೆಳಿಗ್ಗೆ ನಾನು ಪರದೆಯ ಈಚೆ ಹಾಸಿಗೆ ಮಡಿಸುತ್ತಿದ್ದೆ. ಆಚೆ ಅತ್ತೆ, ಮಾವ ಪಿಸುಗುಡುತ್ತಿದ್ದರು.

"ತೆರಿಗೆ ಕಟ್ಟೋಕೆ ಕಾಗದ ಕತ್ತರಿಸೋ ಮೆಷಿನ್ನು ಮಾರ್ಬಿಡ್ತೀನಿ ಕಣೇ."

"ಅದಿಲ್ದೆ ಕೆಲಸ ಹೇಗ್ರೀ?"

"ಹೇಗೋ ಆಗುತ್ತೆ. ಆ ಹುಡುಗೀಗೆ ಮಾತ್ರ ಹೇಳ್ಬೇಡ. ನೊಂದ್ಕೊಳ್ಳುತ್ತೆ."

ನಡುವೆ ಗೋಡೆ ಇದ್ದಿದ್ದರೆ ಈ ಮಾತು ನನಗೆ ಕೇಳಿಸುತ್ತಿತ್ತೇ?

ಮೆಷಿನ್ನು ಕೊಳ್ಳುವವರು ಸೋಮವಾರ ಬರುತ್ತಾರೆ. ಅದಕ್ಕೂ ಮೊದಲು ತಾವೇ ಬನ್ನಿ. ಪರದೆಯ ಒಳಗೆ ನಿಂತು, ಆಚೆ ಮಾವ ಹಾಳೆ ಮಡಚುವ ಸದ್ದು ಕೇಳಿಸಿಕೊಳ್ಳಿ. ಕೇಳಿಸಿದರೆ ಆ ಕೋಣೆಯನ್ನು ತಮ್ಮ ಕಡತದಿಂದ ಅಳಿಸಿ, ಮನೆಯನ್ನು ಹಳೆಯ ದರ್ಜೆಗೆ ಇಳಿಸಿ. ಈ ಸಲ ನಾನು ಏನನ್ನೂ ತೋರಿಸುವುದಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಬಾಗಿಲಷ್ಟೇ ತೆಗೆಯುತ್ತೇನೆ.

ಇಂತಿ,
ಬಾಯಲ್ಲೇ ನಾಲ್ಕನೇ ಕೋಣೆ ಕಟ್ಟಿದ ಹೊಸ ಸೊಸೆ