ಕಪಾಟಿನ ಮೇಲಿನ ಕೆ

ಶ್ರವಣಯಂತ್ರ ವಿತರಣಾ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಎಂಬತ್ತೆರಡು ವರ್ಷದ ನನ್ನ ಅಮ್ಮನಿಗೆ ಸಿಗಬೇಕಾದ ಶ್ರವಣಯಂತ್ರ ಹದಿನಾಲ್ಕು ತಿಂಗಳಾದರೂ ಸಿಕ್ಕಿಲ್ಲ. ಕಾರಣ, ಅವಳ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿರುವ ‘ಕೆ’ ಎಂಬ ಒಂದೇ ಒಂದು ಇಂಗ್ಲಿಷ್ ಅಕ್ಷರ. ಅದರ ಅರ್ಥ ತಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೂ ಎಲ್ಲರೂ ಅದಕ್ಕೆ ತಲೆಬಾಗುತ್ತಾರೆ. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ನನಗೆ ಇಷ್ಟು ವಿಧೇಯ ತರಗತಿ ಒಮ್ಮೆಯೂ ಸಿಗಲಿಲ್ಲ.

ಮೊದಲು ಮನೆಯಲ್ಲೇ ವಿಚಾರಿಸಿದೆ. ನನ್ನ ಪಾಲಿಗೆ ಕೆ ಎಂದರೆ ಪೊಟ್ಯಾಸಿಯಂ, ನೀರು ತಾಗಿದರೆ ಭಗ್ಗನೆ ಉರಿಯುವ ಲೋಹ. ಅಮ್ಮನ ಸ್ವಭಾವಕ್ಕೆ ಸರಿಹೊಂದುತ್ತದೆ, ಆದರೆ ತಮಗೆ ಹೇಗೆ ತಿಳಿಯಿತು? ಚದುರಂಗದ ಹುಚ್ಚಿರುವ ನನ್ನ ಯಜಮಾನರು, “ಕೆ ಅಂದ್ರೆ ಕಿಂಗ್, ರಾಜ ಕಣೇ. ಅತ್ತೇನ ಸರಿಯಾಗೇ ಗುರುತಿಸಿದ್ದಾರೆ” ಎಂದರು. ಮುದ್ರಣಾಲಯ ನಡೆಸುವ ನನ್ನ ತಮ್ಮ, “ಅಕ್ಕಾ, ನಮ್ಮಲ್ಲಿ ಕೆ ಅಂದ್ರೆ ಕಪ್ಪು ಶಾಯಿ. ಅಮ್ಮನ್ನ ಕಪ್ಪುಪಟ್ಟಿಗೆ ಹಾಕಿರ್ಬೇಕು” ಎಂದು ಹೆದರಿಸಿದ. ಒಂದೇ ಅಕ್ಷರ ಒಬ್ಬೊಬ್ಬರ ಮೇಜಿನ ಮೇಲೆ ಒಂದೊಂದು ವೇಷ ಹಾಕಲಿ, ತಕರಾರಿಲ್ಲ. ನಮ್ಮ ಮನೆಯಲ್ಲಿ ಅವರವರ ಅಕ್ಷರದ ಅರ್ಥ ಅವರವರಿಗಾದರೂ ಗೊತ್ತಿತ್ತು.

ತಮ್ಮ ಮೂರನೇ ಕಿಟಕಿಯ ಗುಮಾಸ್ತರನ್ನು ಕೇಳಿದೆ. “ನಂಗೂ ಗೊತ್ತಿಲ್ಲ ಮೇಡಂ. ಹಿಂದಿದ್ದವ್ರು ಬರೆದಿದ್ದು. ಕೆ ಇದ್ರೆ ಆ ಕಪಾಟಿನ ಮೇಲಿರ್ಬೇಕು, ಮುಟ್ಟಬಾರ್ದು, ಅಷ್ಟೇ” ಎಂದರು. ಕಪಾಟಿನ ಮೇಲೆ ನಲವತ್ತೊಂದು ಫೈಲುಗಳಿದ್ದವು. ಮೇಲಿಂದ ಏಳನೆಯದು ಅಮ್ಮನದು.

ಇದರಿಂದ ಯಾರಿಗೇನು ನಷ್ಟ ಎನ್ನುವಿರಾ? ಅಮ್ಮ ಮತ್ತು ಚಿಕ್ಕಮ್ಮ ನಲವತ್ತು ವರ್ಷದಿಂದ ದಿನಾ ಮಧ್ಯಾಹ್ನ ಫೋನಿನಲ್ಲಿ ಜಗಳವಾಡುತ್ತ ಬಂದವರು. ಚಿಕ್ಕಮ್ಮ ಈಗ ಹಾಸಿಗೆ ಹಿಡಿದಿದ್ದಾಳೆ, ಆದರೂ ಫೋನ್ ತಪ್ಪಿಸಿಲ್ಲ. ಏನೂ ಕೇಳಿಸದ ಅಮ್ಮ ಎಲ್ಲದಕ್ಕೂ “ಹೂಂ, ಹೂಂ” ಎನ್ನುತ್ತಾಳೆ. ಮೊನ್ನೆ ಚಿಕ್ಕಮ್ಮ ನನ್ನನ್ನು ಕೇಳಿದಳು: “ನಿಮ್ಮಮ್ಮ ಯಾಕೇ ತಿರುಗಿ ಬೈತಿಲ್ಲ? ನಂಗೆ ದಿನ ಕಮ್ಮಿ ಅಂತ ಕನಿಕರ ತೋರಿಸ್ತಿದ್ದಾಳಾ?” ನನಗೆ ಅಳು ಬಂತು.

ಅಂದೇ ಆ ಹಿಂದಿನ ಗುಮಾಸ್ತರ ಮನೆ ಹುಡುಕಿಕೊಂಡು ಹೋದೆ. ನಿವೃತ್ತರು ಜಗಲಿಯಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದರು. ವಿಷಯ ಕೇಳಿ ಕೊಡೆ ಕೆಳಗಿಟ್ಟರು. “ಅಯ್ಯೋ, ಅವಿನ್ನೂ ಅಲ್ಲೇ ಇದಾವಾ? ಕೆ ಅಂದ್ರೆ ‘ಕೊಡಿ’ ಅಂತ ಕಣಮ್ಮ. ಪರಿಶೀಲನೆ ಎಲ್ಲ ಮುಗೀತು, ಮೊದಲು ಇವ್ರಿಗೇ ಕೊಡಿ ಅಂತ ಬೇರೆ ಎತ್ತಿಟ್ಟಿದ್ದೆ. ಮಾರನೇ ದಿನ ನಂಗೆ ನಿವೃತ್ತಿ ಆಯ್ತು.”

ಮಾನ್ಯರೇ, ಎಲ್ಲರಿಗಿಂತ ಮೊದಲು ಕೊಡಬೇಕಾದವರನ್ನೇ ತಾವು ಇಷ್ಟು ಜೋಪಾನವಾಗಿ ಕೊಡದೆ ಕಾಪಾಡಿದ್ದೀರಿ. ಈಗ ತನಿಖಾ ಸಮಿತಿ ಮಾತ್ರ ಬೇಡ, ಅದು ಫೈಲಿನ ಮೇಲೆ ಇನ್ನೊಂದು ಅಕ್ಷರ ಬರೆದೀತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನೇ ಏಣಿ ತರುತ್ತೇನೆ. ನಲವತ್ತೊಂದನ್ನೂ ಇಳಿಸಿ, ನಲವತ್ತೊಂದು ಯಂತ್ರ ಕೊಡಿ. ಚಿಕ್ಕಮ್ಮ ಬೈಸಿಕೊಳ್ಳಲು ಕಾಯುತ್ತಿದ್ದಾಳೆ, ಅವಳಿಗೆ ಹೆಚ್ಚು ಸೋಮವಾರಗಳಿಲ್ಲ.

ಇಂತಿ,
ಮೇಲಿಂದ ಏಳನೇ ಫೈಲಿನ ಮಗಳು