ಒಂಬತ್ತು ಕಣ್ಣಿನ ಸೀಲಿಂಗ್

ಮನೆಯಿಂದ,
ತಾರೀಕು ಹದಿನೇಳು, ಶುಕ್ರವಾರ ಸಂಜೆ

ನಮ್ಮ ಮನೆಯ ಎಂಜಿನ್ ಡ್ರೈವರಮ್ಮನಿಗೆ ಮಾವ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಹಾಸ್ಟೆಲಿನ ಊಟ ಇನ್ನೂ ಹಾಗೇ ಸಪ್ಪೆಯೋ, ಇಲ್ಲ ನೀನು ಬೈದ ಮೇಲೆ ಉಪ್ಪು ಕಂಡಿತೋ? ಡೀಸೆಲ್ ಹೊಗೆಗೆ ಶುರುವಾಗಿದ್ದ ಕೆಮ್ಮು ನಿಂತಿತೇ? ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸು, ನಿನ್ನ ಗಂಡನ ಹಾಗೆ ‘ತಾನೇ ಹೋಗುತ್ತೆ’ ಎಂದು ಕೂರಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ನಮ್ಮ ಬಟಾಣಿಗೆ ಇನ್ನೊಂದು ಹಲ್ಲು ಬಿದ್ದಿದೆ. ಬಿದ್ದ ಹಲ್ಲನ್ನು ನಿನಗೆ ತೋರಿಸಲೆಂದು ಬೆಂಕಿಪೆಟ್ಟಿಗೆಯಲ್ಲಿ ಹಾಕಿಟ್ಟು, ಆ ಪೆಟ್ಟಿಗೆ ಎಲ್ಲಿಟ್ಟೆ ಎಂದು ಮರೆತು ಇಡೀ ಮನೆಯನ್ನು ತಲೆಕೆಳಗೆ ಮಾಡಿದ್ದಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಭಾನುವಾರ ನಿಮಗೆ ಫೋನು ಕೊಡುವುದೇ ಸ್ವಲ್ಪ ಹೊತ್ತು, ಅಷ್ಟು ಹೊತ್ತೂ ನಿನ್ನ ಮಗಳು ಬಟಾಣಿ ಅದನ್ನು ಕಿವಿಯಿಂದ ಇಳಿಸುವುದಿಲ್ಲ. ಈ ಮುದುಕನ ಸರದಿ ಬರುವಷ್ಟರಲ್ಲಿ ನಿಮ್ಮ ವಾರ್ಡನ್ನಿನ ಗಂಟೆ ಬಾರಿಸುತ್ತದೆ.

ಹೋದ ಭಾನುವಾರ ಮಾತ್ರ ನನ್ನ ಸರದಿ ಬಂತು, ನೀನು ಹೇಳಿದ್ದು ಒಂದೇ ಮಾತು. “ಮಾವಾ, ಈ ತಿಂಗಳ ಕೊನೇಲಿ ಟ್ರೈನಿಂಗ್ ಬಿಟ್ಟು ಬಂದ್ಬಿಡ್ತೀನಿ. ಮಗು ನಿದ್ದೆ ಕೆಡಿಸ್ಕೊಂಡು ಕೂತಿರೋವಾಗ ನಾನು ರೈಲು ಓಡಿಸಿ ಏನಾಗ್ಬೇಕು?” ನಾನು ‘ಉಷಾರಮ್ಮಾ’ ಎಂದು ಫೋನು ಇಟ್ಟೆ. ಮಾವ ಒಪ್ಪಿಕೊಂಡರು ಎಂದು ನೀನು ಅಂದುಕೊಂಡಿರಬೇಕು. ಒಪ್ಪಿರಲಿಲ್ಲ ಕಣಮ್ಮಾ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ನನಗೆ ಅಭ್ಯಾಸವಿಲ್ಲ, ಆದರೆ ಬರಬೇಡ ಎನ್ನಲು ಆವತ್ತು ನನ್ನ ಬಾಯಲ್ಲಿ ಕಾರಣ ಇರಲಿಲ್ಲ. ಈ ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಪೂರ್ತಿ ಓದು, ಆಮೇಲೆ ನಿರ್ಧಾರ ನಿನ್ನದು.

ಬಟಾಣಿಯ ಕೋಣೆ ನಿನಗೆ ಸರಿಯಾಗಿ ನೆನಪಿರಲಾರದು. ನಾವು ಈ ಬಾಡಿಗೆ ಮನೆಗೆ ಬಂದ ವಾರವೇ ನೀನು ಹೊರಟೆ, ಗಂಟುಮೂಟೆ ಬಿಚ್ಚುವ ಗಡಿಬಿಡಿಯಲ್ಲಿ ತಲೆ ಎತ್ತಿ ನೋಡಿದ್ದೆಯೋ ಇಲ್ಲವೋ. ನಮಗಿಂತ ಮುಂಚೆ ಇದ್ದವನು ಆ ಕೋಣೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ. ಅದಕ್ಕೇ ಅಂಗೈಯಗಲದ ಕೋಣೆಗೆ ತಾರಸಿಯ ಕೆಳಗೆ ಜಿಪ್ಸಮ್ ಬೋರ್ಡಿನ ಇನ್ನೊಂದು ಸೀಲಿಂಗು ಹೊಡೆಸಿ, ಅದರೊಳಗೆ ಸಾಲಿಗೆ ಮೂರರಂತೆ ಒಂಬತ್ತು ದುಂಡು ದೀಪಗಳನ್ನು ಹುದುಗಿಸಿದ್ದ. ಹೋಗುವಾಗ ಪುಣ್ಯಾತ್ಮ ಬಲ್ಬುಗಳನ್ನು ಬಿಚ್ಚಿಕೊಂಡು ಹೋಗಿ ಖಾಲಿ ಡಬ್ಬಿಗಳನ್ನು ನಮಗೆ ಬಿಟ್ಟ. ನಮಗೆ ಗೋಡೆಯ ಮೇಲಿನ ಟ್ಯೂಬ್‌ಲೈಟು ಧಾರಾಳವಾಯಿತು, ಅವುಗಳ ಉಪಯೋಗವೇ ಇಲ್ಲ. ಅಂಚಿಗೆ ಹೊಳೆಯುವ ಬಳೆ, ಒಳಗೆ ಕಪ್ಪು ತೂತು. ಜೋರಾಗಿ ಗಾಳಿ ಬೀಸಿದರೆ ತೂತಿನಿಂದ ಧೂಳು ಉದುರುತ್ತದೆ, ಒಂದರಲ್ಲಂತೂ ವಯರು ಜೋತಾಡುತ್ತಿತ್ತು. ಮೊದಲ ದಿನವೇ ಬಟಾಣಿ ಅದಕ್ಕೆ ‘ಒಂಬತ್ತು ಕಣ್ಣಿನೋನು’ ಎಂದು ಹೆಸರಿಟ್ಟಳು. ಅವನು ನೋಡುತ್ತಿದ್ದರೆ ನಿದ್ದೆ ಬರುವುದಿಲ್ಲವಂತೆ. ಸರಿ, ಅಪ್ಪನ ಹಾಸಿಗೆಗೆ ಹೋದಳು. ನಿನ್ನ ಗಂಡ ಬೇಕರಿ ಕೆಲಸದವನು, ಬೆಳಕು ಹರಿಯುವ ಮುಂಚೆ ಏಳಬೇಕು, ಅವನು ಎದ್ದ ಕೂಡಲೇ ಇವಳೂ ಎದ್ದು ಕೂರುತ್ತಾಳೆ, ಅಮ್ಮಾ ಎಂದು ಶುರು ಮಾಡುತ್ತಾಳೆ, ಆಮೇಲೆ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಾಳೆ. ನನ್ನ ಪಕ್ಕ ಮಲಗಿಸೋಣವೆಂದರೆ ನನ್ನ ಗೊರಕೆಗೆ ಕಿಟಕಿಯ ಗಾಜೇ ಅದುರುತ್ತದೆ. ಟೀಚರು ಹೇಳಿಕಳಿಸಿದ್ದು, ನೀನು ಅಲ್ಲಿ ಕೂತು ಅತ್ತದ್ದು ಎಲ್ಲ ನಿನಗೆ ಗೊತ್ತೇ ಇದೆ.

ನಿನ್ನ ಫೋನು ಇಟ್ಟ ಮೇಲೆ ನಿನ್ನ ಗಂಡ ಗಲ್ಲಕ್ಕೆ ಕೈ ಕೊಟ್ಟು ಕೂತವನು ತಟಕ್ಕನೆ ಹೇಳಿದ: “ಅಪ್ಪಾ, ಅವಳು ಬಿಟ್ಟು ಬರೋ ಹಾಗಾಗ್ಬಾರ್ದು. ಆ ಕಣ್ಣು ನಾನೇ ಮುಚ್ತೀನಿ.” ನನಗೆ ನಗು ತಡೆಯಲಾಗಲಿಲ್ಲ. ಅಲ್ಲಮ್ಮಾ, ನಲವತ್ತು ವರ್ಷ ಬಡಗಿ ಕೆಲಸ ಮಾಡಿದವನ ಮಗ, ಒಂದು ಮೊಳೆ ನೆಟ್ಟಗೆ ಹೊಡೆದದ್ದನ್ನು ಯಾರಾದರೂ ನೋಡಿದ್ದಾರೆಯೇ? ನಿಮ್ಮ ಮದುವೆಯ ಫೋಟೋ ತೂಗುಹಾಕಲು ಹೋಗಿ ಹೆಬ್ಬೆರಳು ಜಜ್ಜಿಕೊಂಡು, ಸುತ್ತಿಗೆಯೇ ಸರಿಯಿಲ್ಲ ಎಂದವನಲ್ಲವೇ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಉಳಿ, ಉಜ್ಜುಗೊರಡು ಎಲ್ಲ ಅವನಿಗೆಂದೇ ಎಣ್ಣೆ ಸವರಿ ಇಟ್ಟಿದ್ದೆ. ಇವನು ಹೋಗಿ ಕೇಕಿಗೆ ಕ್ರೀಮು ಬಳಿಯುವ ಕೆಲಸ ಹಿಡಿದ. ಎಲ್ಲ ಬಿಟ್ಟ ಮಗ ಭಂಗಿ ನೆಟ್ಟ ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದು ಇಡೀ ಬೀದಿಗೆ ಗೊತ್ತು. ನಾನೇ ಏಣಿ ಹತ್ತೋಣವೆಂದರೆ ಕೈ ನಡುಗುತ್ತದೆ, ಚಹಾ ಲೋಟದಿಂದ ತಟ್ಟೆಗೆ ಚೆಲ್ಲುವುದೇ ಹೆಚ್ಚು.

ಸೋಮವಾರ ಬೇಕರಿಗೆ ರಜೆ. ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿದೆವು. ಮುಚ್ಚಿದ ಮೇಲೆ ಒಳಗೆ ಕರೆಂಟು ಉಳಿದರೆ ಮನೆಗೇ ಕೊಳ್ಳಿ ಇಟ್ಟುಕೊಂಡ ಹಾಗೆ ಎಂದು ನಾನು ಹಟ ಹಿಡಿದೆ, ಒಳ್ಳೆಯದೇ ಆಯಿತು. ಸ್ವಿಚ್ಚು ಆರಿಸಿದ್ದರೂ ಆ ಜೋತಾಡುವ ವಯರಿನಲ್ಲಿ ಕರೆಂಟು ಹರಿಯುತ್ತಿತ್ತು. ಅವನು ಮೇನ್ ಆಫ್ ಮಾಡಿ, ಸೀಲಿಂಗಿಗೆ ಹೋಗುವ ವಯರನ್ನು ಮೂಲದಲ್ಲೇ ಬಿಡಿಸಿ, ತುದಿಗಳನ್ನು ಭದ್ರ ಮಾಡಿ, ಒಂಬತ್ತು ಡಬ್ಬಿಗಳನ್ನೂ ಹೊರಗೆಳೆದ. ಆಮೇಲೆ ತೂತುಗಳಿಗೆ ಅಂಗಡಿಯಲ್ಲಿ ಸಿಗುವ ಬಿಳಿ ಮುಚ್ಚಳ ಸಿಕ್ಕಿಸಿದ. ಟಪ್ ಟಪ್ ಎಂದು ಕೂತವು. ನಾವೆಲ್ಲ ಕೈ ಝಾಡಿಸಿಕೊಂಡೆವು. ಬಟಾಣಿ ಶಾಲೆಯಿಂದ ಬಂದು, ಕೋಣೆಯ ನಡುವೆ ಅಂಗಾತ ಮಲಗಿ ನೋಡಿ, ತೀರ್ಪು ಕೊಟ್ಟಳು: “ತಾತಾ, ಅವನು ಕಣ್ಣು ಮುಚ್ಕೊಂಡು ನಿದ್ದೆ ಮಾಡೋ ಹಾಗೆ ನಾಟಕ ಆಡ್ತಿದಾನೆ. ನೀವೆಲ್ಲ ಆಚೆ ಹೋದ್ಮೇಲೆ ಬಿಡ್ತಾನೆ.” ಇದಕ್ಕೆ ಏನು ಹೇಳುತ್ತೀ? ನಾನೂ ಮಲಗಿ ನೋಡಿದೆ. ಅಳಿಯ ಅಲ್ಲ ಮಗಳ ಗಂಡ ಎಂಬ ಹಾಗೆ ಕಪ್ಪು ತೂತಿನ ಬದಲು ಬಿಳಿ ಬಿಲ್ಲೆ, ಅಷ್ಟೇ. ಮಗು ಹೇಳಿದ್ದು ಸುಳ್ಳಲ್ಲ, ರೆಪ್ಪೆ ಮುಚ್ಚಿದ ಹಾಗೇ ಕಾಣುತ್ತಿತ್ತು.

ಹಾಗಾದರೆ ಅಲ್ಲೊಂದು ತೂತು ಇತ್ತು ಎಂಬುದೇ ಕಾಣಬಾರದು. ಮನೆಯ ಒಡತಿ ಅಮ್ಮನವರು, ನೋಡಲು ಚೆನ್ನಾಗಿರುವ ಹಾಗೆ ಮಾಡುವುದಾದರೆ ಮಾಡಿಕೊಳ್ಳಿ ಎಂದರು. ನಾನು ಕುರ್ಚಿ ಹಾಕಿಕೊಂಡು ಕೂತು ಅಪ್ಪಣೆ ಕೊಡಲು ಶುರು ಮಾಡಿದೆ. ಮುಚ್ಚಳ ಕಿತ್ತು, ತೂತಿನ ಮೇಲುಗಡೆ ಅಡ್ಡಲಾಗಿ ಮರದ ಪಟ್ಟಿ, ಅದಕ್ಕೆ ತೂತಿನಳತೆಗೇ ಕತ್ತರಿಸಿದ ಜಿಪ್ಸಮ್ ಬೋರ್ಡಿನ ಬಿಲ್ಲೆ, ಎರಡು ಸ್ಕ್ರೂ. ಅಷ್ಟನ್ನು ನಿನ್ನ ಗಂಡ ಬೆವರು ಸುರಿಸಿ ಮಾಡಿದ. ಮೊಳೆ ಅಲ್ಲವಲ್ಲ, ಸ್ಕ್ರೂ, ಹೆಬ್ಬೆರಳು ಉಳಿಯಿತು. ಸಂದಿಗೆ ಬಲೆಯಂಥ ಟೇಪು ಅಂಟಿಸಿ, ಗೋಡೆಗೆ ಮೆತ್ತುವ ಪುಟ್ಟಿ ಹಿಟ್ಟನ್ನು ನಾನು ಹೇಳಿದ ಅಳತೆಗೆ ಕಲಸಿ, ನಾನು ಹೇಳಿದ ಹಾಗೇ ಹಚ್ಚಿದ. ಮಾರನೆಯ ದಿನ ನೋಡಿದರೆ ಒಂದೊಂದೂ ಬನ್ನಿನ ಹಾಗೆ ಉಬ್ಬಿ ಕೂತಿದೆ! ಬಟಾಣಿ ಈಗ ‘ಗುಳ್ಳೆ ಎದ್ದಿರೋನು’ ಎಂದಳು. ನಿನ್ನ ಗಂಡ ಆ ಬನ್ನುಗಳನ್ನು ಬಹಳ ಹೊತ್ತು ನೋಡಿದ. ಅವನಿಗೆ ಅವಮಾನವಾಗಿತ್ತು ಕಣಮ್ಮಾ. ಅಂಥ ಬನ್ನು ಅವನ ಬೇಕರಿಯಲ್ಲಿ ಬಂದರೆ ಹಿಟ್ಟು ಕಲಸಿದವನಿಗೆ ಆವತ್ತು ಗ್ರಹಚಾರ ಬಿಡಿಸುತ್ತಾನೆ. “ಅಪ್ಪಾ, ನೀವು ಸ್ವಲ್ಪ ಸುಮ್ನಿರಿ” ಎಂದ. ನನಗೆ! ನಾನು ಸುಮ್ಮನಾದೆ, ಯಾಕೆ ಎಂದು ಈಗಲೂ ತಿಳಿಯುತ್ತಿಲ್ಲ.

ಅವತ್ತು ಮಧ್ಯಾಹ್ನ ಬೇಕರಿಯಿಂದ ಬರುವಾಗ ಒಂದು ಚೀಲ ತಂದ. ಒಳಗಿದ್ದದ್ದು ಕೇಕಿಗೆ ಕ್ರೀಮು ಹಚ್ಚುವ ಉದ್ದನೆಯ ಚಪ್ಪಟೆ ಚಾಕು, ಮೊಟ್ಟೆ ಕಡೆಯುವ ತಂತಿಯ ಕಡೆಗೋಲು, ತಲೆಗೆ ಹಾಕಿಕೊಳ್ಳುವ ಬಿಳಿ ಟೋಪಿ. ಹಳೆಯದಾಗಿ ಮೂಲೆಗೆ ಬಿದ್ದಿದ್ದನ್ನು ಕೇಳಿ ತಂದನಂತೆ. ಬನ್ನುಗಳನ್ನೆಲ್ಲ ಕೆರೆದು ಬೀಳಿಸಿ ಹೊಸದಾಗಿ ಪುಟ್ಟಿ ಕಲಸಿದ. ಅಳತೆಯೂ ಇಲ್ಲ, ಗಿಳತೆಯೂ ಇಲ್ಲ. ಚೂರು ಚೂರೇ ನೀರು ಹಾಕುವುದು, ಕಡೆಯುವುದು, ಕಡೆಗೋಲು ಎತ್ತಿ ಅದರ ತುದಿಯ ಪುಟ್ಟಿ ಚೂಪಾಗಿ ನಿಲ್ಲುತ್ತದೋ ಬಾಗುತ್ತದೋ ನೋಡುವುದು. ತಲೆ ಚೂರು ಬಾಗಿದರೆ ಸರಿಯಂತೆ, ಕ್ರೀಮಿನ ಹಾಗೇ. ಆಮೇಲೆ ಮೇಜಿನ ಮೇಲೆ ಹತ್ತಿ ನಿಂತ. ಕೇಕಾದರೆ ತಟ್ಟೆಯನ್ನು ತಿರುಗಿಸಬಹುದು, ಸೀಲಿಂಗನ್ನು ತಿರುಗಿಸಲಾಗುತ್ತದೆಯೇ? ಚಾಕನ್ನು ತಲೆಯ ಮೇಲೆ ಅಲುಗಾಡದಂತೆ ಹಿಡಿದು, ತಾನೇ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ನಿಂತಲ್ಲೇ ಸುತ್ತಿದ. ನಾನು ಬಾಯಿ ತೆರೆದು ನೋಡುತ್ತಾ ಕೂತುಬಿಟ್ಟೆ. ಒಂದು ಹನಿ ಕೆಳಗೆ ಬೀಳಲಿಲ್ಲ. ನಡುವೆ ತೆಳ್ಳಗೆ, ಅಂಚಿಗೆ ಹೋಗುತ್ತಾ ಇನ್ನೂ ತೆಳ್ಳಗೆ, ಕೊನೆಗೆ ಪುಟ್ಟಿ ಎಲ್ಲಿ ಮುಗಿಯಿತು, ಸೀಲಿಂಗು ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಆಮೇಲೆ ಒರಟಾದ ಉಪ್ಪು ಕಾಗದದಿಂದ ಮೆಲ್ಲಗೆ ಉಜ್ಜಿದ, ಮೈತುಂಬ ಬಿಳಿ ಧೂಳು, ಬೇಕರಿಯಿಂದ ಬಂದವನೋ ಬೇಕರಿಗೆ ಹೋಗುವವನೋ ಗೊತ್ತಾಗದು. ನಿನ್ನೆ ಬಣ್ಣವೂ ಮುಗಿಯಿತು.

ಬಟಾಣಿ ಮತ್ತೆ ಅಂಗಾತ ಮಲಗಿದಳು. ಕಣ್ಣು ಎಲ್ಲಿತ್ತು ತೋರಿಸು ಎಂದರೆ ಅಲ್ಲಿ ಎಂದಳು, ಅಲ್ಲಿರಲಿಲ್ಲ. ಇಲ್ಲಿ ಎಂದಳು, ಇಲ್ಲೂ ಇರಲಿಲ್ಲ. ಅವಳನ್ನು ಬಿಡು, ಮಗು. ಎಲೆಕ್ಟ್ರಿಷಿಯನ್ ಮರೆತು ಹೋಗಿದ್ದ ಟೆಸ್ಟರು ಒಯ್ಯಲು ಬಂದವನು ತಲೆ ಎತ್ತಿ, “ಯಜಮಾನ್ರೇ, ಲೈಟುಗಳು ಈ ರೂಮಲ್ಲೇ ಇದ್ವಾ?” ಎಂದು ಕೇಳಿದ. ಇನ್ನು ನನ್ನದು ಕೇಳು. ಮರದ ಮೇಲಿನ ಕೂದಲೆಳೆಯ ಬಿರುಕನ್ನು ಕತ್ತಲಲ್ಲಿ ಬೆರಳಿನಿಂದ ಹಿಡಿಯುತ್ತಿದ್ದವನು ನಾನು. ಮಂಡಿ ಬೇಡ ಬೇಡವೆಂದರೂ ಮೇಜು ಹತ್ತಿ ಅಂಗೈಯಿಂದ ಸವರಿ ನೋಡಿದೆ. ಸಿಗಲಿಲ್ಲ. ಇಳಿಯುವಾಗ ನನ್ನ ಕಣ್ಣಲ್ಲಿ ನೀರು ಬಂತು, ಧೂಳು ಎಂದೆ. ನಿನಗೆ ನಿಜ ಹೇಳುತ್ತೇನೆ, ಧೂಳಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗು ಬೇಕಾದರೆ. ನನ್ನ ಮಗನಂಥ ಕೈ ನಾನು ಕೆಲಸ ಮಾಡಿದ ಯಾವ ಜಾಗದಲ್ಲೂ ನೋಡಿಲ್ಲ. ಇವತ್ತು ಬೆಳಿಗ್ಗೆ ಹಾಲಿನ ಅಂಗಡಿಯಲ್ಲಿ ಸಾಲಿಗೆ ನಿಂತವರಿಗೆಲ್ಲ ಹೇಳಿಬಂದೆ: ಕೈಚಳಕ ಎಲ್ಲಿಂದ ಬರಬೇಕು, ಅಪ್ಪನಿಂದ ತಾನೆ? ಹಾಲಿನವನು ಮುಸಿಮುಸಿ ನಕ್ಕ, ಭಂಗಿಯ ಕಥೆ ಅವನೂ ಕೇಳಿದ್ದಾನೆ. ನಗಲಿ ಬಿಡು.

ಅದೇ ಸಾಲಿನಲ್ಲಿ ನಿನ್ನ ಸುದ್ದಿಯನ್ನೂ ಹೇಳಿದೆ. ನಿನ್ನ ಸುದ್ದಿ ಹೇಳದೆ ನಾನು ಎಂದಾದರೂ ಹಾಲು ತಂದದ್ದುಂಟೇ? ನಮ್ಮ ಸೊಸೆ ಗೂಡ್ಸ್ ಗಾಡಿಯ ಎಂಜಿನ್ನಿನಲ್ಲಿ ನಿಂತಿದ್ದಾಳೆ, ಅವಳು ಬ್ರೇಕಿನ ಹಿಡಿ ಎಳೆದರೆ ಹಿಂದೆ ಅಷ್ಟುದ್ದ ಡಬ್ಬಿಗಳು ತೆಪ್ಪಗೆ ನಿಲ್ಲುತ್ತವೆ ಎಂದು ಹೇಳುವಾಗ ನನ್ನ ಎದೆ ಷರಟಿನ ಗುಂಡಿ ಕಿತ್ತುಕೊಂಡು ಬರುವ ಹಾಗಾಗುತ್ತದೆ. ಅದನ್ನೆಲ್ಲ ಬಿಟ್ಟು ನೀನು ಬಂದು ಕೂತರೆ ಮಗುವಿಗೆ ಅಮ್ಮ ಸಿಗುತ್ತಾಳೆ, ನಿಜ. ಆದರೆ ಆ ಅಮ್ಮ ರೈಲಿನ ಸದ್ದು ಕೇಳಿದಾಗಲೆಲ್ಲ ಕಿಟಕಿಗೆ ಹೋಗಿ ನಿಲ್ಲುವವಳಾಗುತ್ತಾಳೆ. ಅದು ನನಗೆ ಇಷ್ಟವಿಲ್ಲ, ನಿನ್ನ ಗಂಡನಿಗೆ ಮೊದಲೇ ಇಷ್ಟವಿಲ್ಲ.

ಹಾಗೆಂದು ನಿನ್ನ ಕಣ್ಣಿಗೆ ಮಣ್ಣೆರಚುವವನು ನಾನಲ್ಲ. ಸೀಲಿಂಗಿನ ತೂತು ಮುಚ್ಚಿತೆಂದ ಮಾತ್ರಕ್ಕೆ ಮಗು ಮಲಗಿತು ಎಂದು ಲೆಕ್ಕವಲ್ಲ. ಬಣ್ಣದ ವಾಸನೆ ಹೋಗಲೆಂದು ನಿನ್ನೆ ಕೋಣೆ ತೆರೆದಿಟ್ಟಿದ್ದೆವು. ಇವತ್ತು ಅಲ್ಲಿ ಹಾಸಿಗೆ ಹಾಸಿದ್ದೇವೆ. ಬಟಾಣಿ “ನೋಡೋಣ” ಎಂದಿದ್ದಾಳೆ, ಥೇಟ್ ನಿನ್ನ ಹಾಗೆ, ಹ್ಞೂಂ ಎನ್ನದೆ ಊಹೂಂ ಎನ್ನದೆ. ಲಕೋಟೆಗೆ ಅಂಟು ಹಚ್ಚದೆ ಇಟ್ಟಿರುತ್ತೇನೆ. ಮಲಗಿದರೆ ಮಲಗಿದಳು ಎಂದು, ಇಲ್ಲದಿದ್ದರೆ ಇಲ್ಲ ಎಂದು ಬೆಳಿಗ್ಗೆ ಸೇರಿಸಿ ಕಳಿಸುತ್ತೇನೆ. ನಿನ್ನ ಗಂಡ ನಾಲ್ಕು ಸಲ ಹೋಗಿ ದಿಂಬು ಸರಿ ಮಾಡಿ ಬಂದ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೋಣೆಯ ಗೆಳತಿಯರಿಗೂ, ಬೈದು ಬೈದು ಕಲಿಸುವ ನಿನ್ನ ಗುರುಗಳಿಗೂ ನನ್ನ ನಮಸ್ಕಾರ ಹೇಳು. ಹಳಿ ನಿನ್ನ ಮುಂದೆ ಸದಾ ಸಲೀಸಾಗಿರಲಿ, ಸಿಗ್ನಲ್ಲು ಹಸಿರಾಗಿರಲಿ, ಮೈಯಲ್ಲಿ ಕಸುವಿರಲಿ.

ಇಂತಿ,
ಮಗನ ಹಾಗೂ ಸೊಸೆಯ ಹೆಮ್ಮೆಯಲ್ಲಿ ಷರಟಿಗೆ ಗುಂಡಿ ಸಾಲದ
ನಿನ್ನ ಮಾವ

ತಾ.ಕ.: ಶನಿವಾರ ಬೆಳಿಗ್ಗೆ. ಅಂಚೆಯವನು ಡಬ್ಬಿ ತೆಗೆಯುವ ಹೊತ್ತಾಯಿತು, ಗೀಚುತ್ತಿದ್ದೇನೆ, ಅಕ್ಷರ ನೋಡಿ ಬೈಯಬೇಡ. ಮಲಗಿದಳು! ಒಬ್ಬಳೇ, ಬೆಳಗಿನವರೆಗೆ. ಅವಳಪ್ಪ ಬೇಕರಿಗೆ ಹೋದದ್ದೂ ಅವಳಿಗೆ ಗೊತ್ತಿಲ್ಲ. ಶಾಲೆಗೆ ಹೊತ್ತಾಯಿತೆಂದು ಎಬ್ಬಿಸಲು ಒಳಗೆ ಹೋದೆ, ಕಣ್ಣುಜ್ಜಿಕೊಂಡು ಎದ್ದವಳೇ ನನ್ನನ್ನು ಗದರಿದಳು: “ತಾತಾ, ಇದು ನನ್ ರೂಮು. ಬಾಗ್ಲು ತಟ್ಟಿ ಬರ್ಬೇಕು.” ಅಮ್ಮ ಬಂದರೂ ತಟ್ಟಬೇಕೇನೇ ಎಂದು ಕೇಳಿದೆ. ಸ್ವಲ್ಪ ಯೋಚನೆ ಮಾಡಿ, “ಅಮ್ಮನೂ ತಟ್ಬೇಕು. ಆದ್ರೆ ಅಮ್ಮ ತಟ್ಟಿದ್ರೆ ಬೇಗ ತೆಗೀತೀನಿ” ಎಂದಳು. ಕೇಳಿದೆಯಲ್ಲ? ಈ ತಿಂಗಳ ಕೊನೆಗೆ ಬರಬೇಡ. ಎಂಜಿನ್ ಡ್ರೈವರಾಗಿಯೇ ಬಾ, ಬಂದು ಬಾಗಿಲು ತಟ್ಟು.